ಉಡುವ ಸೀರೆ, ಕೊಡುವ ಸೀರೆ

1996ರ ಏಪ್ರಿಲ್ ತಿಂಗಳ ಎರಡನೆಯ ಶನಿವಾರ, ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ, ಪುಣೆಯ ಲಕ್ಷ್ಮಿ ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಅವ್ವ ಮರಾಠಿಯಲ್ಲಿ ಒಂದು ವಾಕ್ಯ ಹೇಳಿದಳು. ಅದನ್ನು ಕೇಳಿ ಐದು ಜನ ನಕ್ಕರು: ಅಂಗಡಿಯ ಮಾಲೀಕ, ಅವನ ಇಬ್ಬರು ಗುಮಾಸ್ತರು, ಪಕ್ಕದಲ್ಲಿ ಕೂತಿದ್ದ ಗಿರಾಕಿ ಹೆಂಗಸು ಮತ್ತು ನಾನು.

ನನಗೆ ಆಗ ಇಪ್ಪತ್ತೆರಡು ವರ್ಷ. ಒಂದು ಪತ್ರಿಕೆಯ ಡೆಸ್ಕಿಗೆ ಸೇರಿ ಆರು ತಿಂಗಳಾಗಿತ್ತು. ನಕ್ಕವರ ಪಟ್ಟಿಯಿಂದ ನನ್ನ ಹೆಸರನ್ನು ಬಿಡುವಂತಿಲ್ಲ.

ನಾವು ಹಾವೇರಿ ಕಡೆಯವರು. 1991ರಲ್ಲಿ ಅಪ್ಪ ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಉಸ್ತುವಾರಿಗೆ ಬಂದ. ಬ್ಯಾಡಗಿಯಿಂದ ಬಂದ ಚೀಲಗಳನ್ನು ಬಿಚ್ಚಿಸಿ, ಮುಷ್ಟಿ ತುಂಬ ಕಾಯಿ ತೆಗೆದು, ಮುರಿದು ನೋಡುವುದು ಅವನ ಕೆಲಸ. ಆ ಘಾಟು ಅವನ ಅಂಗಿಯಲ್ಲಿ, ಕೂದಲಲ್ಲಿ, ಚಪ್ಪಲಿಯ ಪಟ್ಟಿಯಲ್ಲಿ ಕೂತಿರುತ್ತಿತ್ತು. ಮನೆಯಲ್ಲಿ ನಮಗೆ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಸೀನಿದಾಗ ಗೊತ್ತಾಗುತ್ತಿತ್ತು. ಪುಣೆಗೆ ಬಂದ ವರ್ಷವೇ ಅಪ್ಪ, ಅವ್ವ ಆ ಸೀರೆ ಅಂಗಡಿಗೆ ಮೊದಲ ಸಲ ಹೋದಾಗ ಮಾಲೀಕ ಎರಡು ಸಲ ಸೀನಿ, ಮೂಗಿಗೆ ಕರವಸ್ತ್ರ ಹಿಡಿದು, ಅಪ್ಪನಿಗೆ "ತುಮ್ಹೀ ಬಾಹೇರ್ ಥಾಂಬಾ" ಎಂದನಂತೆ. ನೀವು ಹೊರಗೆ ನಿಲ್ಲಿ. ಅಪ್ಪ ನಿಂತ. ಆಮೇಲಿನ ಐದು ವರ್ಷ, ಸ್ನಾನ ಮಾಡಿ ಬೇರೆ ಬಟ್ಟೆ ತೊಟ್ಟು ಬಂದ ದಿನವೂ, ಯಾರೂ ಹೇಳದೆಯೇ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದ.

ಆ ಅಂಗಡಿಯಲ್ಲಿ ಬಿಳಿ ಹೊದಿಕೆಯ ಗಾದಿಯ ಮೇಲೆ ಕೂತು ಸೀರೆ ನೋಡಬೇಕು. ಬಂದ ಹೆಂಗಸರಿಗೆ ಮಾಲೀಕ "ಬಸಾ" ಎನ್ನುತ್ತಿದ್ದ, ಕೂತುಕೊಳ್ಳಿ ಎಂದು. ಅವ್ವನಿಗೆ ಅನ್ನುತ್ತಿರಲಿಲ್ಲ. ಅವಳೇ ಕೂರುತ್ತಿದ್ದಳು. ನಂತರ ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಇತ್ತು: "ದೇಣ್ಯಾಘೇಣ್ಯಾಚೀ ಕೀ ನೇಸಾಯಚೀ?" ಕೊಡುವ-ತೆಗೆದುಕೊಳ್ಳುವ ಸೀರೆಯೋ, ಉಡುವ ಸೀರೆಯೋ? ಪುಣೆಯಲ್ಲಿ ಇವು ಎರಡು ಬೇರೆ ಜಾತಿ. ಮೊದಲನೆಯದು ಮದುವೆ ಮುಂಜಿಗಳ ಆಹೇರಿಗೆ, ಅಂದರೆ ಉಡುಗೊರೆಗೆ. ಅದನ್ನು ಪಡೆದವರು ಮಡಿಕೆ ಬಿಚ್ಚದೆ ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಹೀಗೆ ಹತ್ತು ಮನೆ ತಿರುಗುವ ಸೀರೆಯನ್ನು ಯಾರೂ ಉಡುವುದಿಲ್ಲ. ಅದರ ರಾಶಿ ನೆಲದ ಮೇಲಿರುತ್ತಿತ್ತು. ಉಡುವ ಸೀರೆಗಳು ಮಾಲೀಕನ ಬೆನ್ನ ಹಿಂದಿನ ಕಪಾಟಿನಲ್ಲಿ.

ಅವ್ವನಿಗೆ ಮರಾಠಿ ಅಷ್ಟಾಗಿ ಬರುತ್ತಿರಲಿಲ್ಲ. 'ನೇಸಾಯಚೀ' ಎಂಬ ಮಾತು ಅವಳ ಕಿವಿಗೆ ಬರೀ ಸದ್ದು. 'ದೇಣ್ಯಾಘೇಣ್ಯಾ' ಮಾತ್ರ ಅರೆಬರೆ ತಿಳಿದು, ದುಡ್ಡು ಕೊಡುವುದು, ಸೀರೆ ತೆಗೆದುಕೊಳ್ಳುವುದು, ಅದನ್ನೇ ಕೇಳುತ್ತಿದ್ದಾನೆ ಎಂದುಕೊಂಡು "ಹೋ, ಹೋ" ಎಂದು ತಲೆಯಾಡಿಸುತ್ತಿದ್ದಳು. ಮೂರನೆಯ ಸಲದಿಂದ ಅವನು ಪ್ರಶ್ನೆಯನ್ನೂ ಕೇಳಲಿಲ್ಲ. ಅವಳನ್ನು ಕಂಡ ಕೂಡಲೇ ಗುಮಾಸ್ತ ನೆಲದ ರಾಶಿಯನ್ನು ಮುಂದಕ್ಕೆ ತಳ್ಳುತ್ತಿದ್ದ. ಐದು ವರ್ಷ ಹಬ್ಬಕ್ಕೆ, ಊರಿನ ಮದುವೆಗಳಿಗೆ ಅವ್ವ ಉಟ್ಟದ್ದು ಆ ರಾಶಿಯ ಸೀರೆಗಳನ್ನು. ನನಗೂ ಅಕ್ಕನಿಗೂ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೆ ನಾವು ಜೊತೆಗೆ ಹೋಗುತ್ತಿರಲಿಲ್ಲ. ನಾನು ನನ್ನ ಪ್ಯಾಂಟು ಶರ್ಟುಗಳನ್ನು ಕ್ಯಾಂಪ್ ಬಡಾವಣೆಯ ರಸ್ತೆಬದಿಯಲ್ಲಿ ಒಬ್ಬನೇ ಕೊಳ್ಳುತ್ತಿದ್ದೆ. ಅಲ್ಲಿ ಅಡ್ಡಹೆಸರು ಕೇಳುವವರೆಗೆ ನಾನು ಪುಣೆಯವನೇ.

1996ರ ಫೆಬ್ರವರಿಯಲ್ಲಿ ಅಕ್ಕನ ನಿಶ್ಚಿತಾರ್ಥವಾಯಿತು. ಹುಡುಗ ಅವಳ ಆಫೀಸಿನವನು, ಪುಣೆಯ ಮರಾಠಿ ಮನೆತನ. ಬೀಗತಿ, ಅಂದರೆ ಹುಡುಗನ ತಾಯಿ, ಅವ್ವನಿಗೆ ಅರಿಸಿನ ಕುಂಕುಮ ಹಚ್ಚಿ ಗಿಳಿಹಸಿರು ಸೀರೆ ಕೊಟ್ಟಳು. ಅವ್ವನಿಗೆ ಖುಷಿಯಾಯಿತು. ಅಂಥದೇ ಸೀರೆ ಅವಳು ಹಿಂದಿನ ದೀಪಾವಳಿಗೆ ಕೊಂಡಿದ್ದಳು. ಸಂಬಂಧ ಬೆಳೆಸಲು ಏನಾದರೂ ಮಾತಾಡಬೇಕಲ್ಲ. ತನ್ನ ಸೆರಗು ಹಿಡಿದು ತೋರಿಸಿ, "ಅಸೀಚ್, ದಿವಾಳೀಲಾ" ಎಂದಳು. ನನ್ನದೂ ಇಂಥದೇ, ದೀಪಾವಳಿಗೆ ಉಟ್ಟಿದ್ದೆ ಎಂದು ಅವಳ ಅರ್ಥ.

ಬೀಗತಿ ತನ್ನ ತಂಗಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅಗಂ, ಹೀ ನೇಸತೇ." ಏ, ಇವಳು ಇದನ್ನ ಉಡ್ತಾಳೆ.

ಮನೆಗೆ ಬಂದ ಮೇಲೆ ಅಕ್ಕ ಆ ಮಾತಿನ ಅರ್ಥ ಹೇಳಿದಳು, ಅಂಗಡಿಯವನ ಪ್ರಶ್ನೆಯ ಅರ್ಥವನ್ನೂ ಹೇಳಿದಳು. ಅವ್ವ ಟ್ರಂಕು ತೆರೆದು ಸೀರೆಗಳನ್ನು ಒಂದೊಂದಾಗಿ ಹೊರಗಿಟ್ಟಳು.

"ಇದು?"

"ಕೊಡೂದವ್ವಾ."

"ಇದೂ?"

"ಎಲ್ಲಾ ಕೊಡೂವು."

ಮರುದಿನ ಬೀಗತಿ ಕೊಟ್ಟ ಗಿಳಿಹಸಿರು ಸೀರೆ ನಮ್ಮ ಮಾಳಿಗೆಯ ಮೇಲೆ ಹಾಸಿತ್ತು. ಅದರ ತುಂಬ ಮೆಣಸಿನಕಾಯಿ ಒಣಗುತ್ತಿದ್ದವು.

ಮದುವೆ ಮೇ ತಿಂಗಳ ಕೊನೆಗಿತ್ತು. ಅಪ್ಪ, "ಹುಬ್ಬಳ್ಳಿಗೆ ಹೋಗಿ ಸೀರಿ ತರೂಣಂತ. ನಿನಗ ಗೊತ್ತಿದ್ದ ಅಂಗಡಿ ಅದ, ನಮ್ಮ ಮಾತು ತಿಳೀತದ" ಎಂದ.

"ಹುಬ್ಬಳ್ಳಿಯವ ನನಗೇನ್ ಮಾಡ್ಯಾನ್ರಿ?" ಎಂದಳು ಅವ್ವ. "ಮಾಡಿದಾಂವ ಇಂವ. ಮದುವ್ಯಾಗ ನಾ ಉಡೂ ಸೀರಿ ಇಂವನ ಬೆನ್ನ ಹಿಂದಿನ ಕಪಾಟಿಂದ ಬರಬೇಕು. ಇಂವನ ಕೈಲೇ ಇಳಸ್ತೀನಿ. ನಾನ ಕೇಳಾಕಿ, ನೀವು ಯಾರೂ ಬಾಯಿ ಬಿಡಬ್ಯಾಡ್ರಿ."

ಏಪ್ರಿಲ್‌ನ ಆ ಶನಿವಾರ ನಾವು ನಾಲ್ವರೂ ಹೋದೆವು. ಅಪ್ಪ ಹೊರಗೆ ನಿಂತ. ಗುಮಾಸ್ತ ರಾಶಿ ತಳ್ಳಿದ. ಅವ್ವ ಅದನ್ನು ಕೈಯಿಂದ ಹಿಂದಕ್ಕೆ ಸರಿಸಿ, ಮಾಲೀಕನ ಮುಖ ನೋಡಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ ವಾಕ್ಯ ಹೇಳಿದಳು: "ಮಲಾ ಉಡಾಯಚೀ ಸಾಡೀ ಪಾಹಿಜೇ."

ಉಡುವ ಸೀರೆ ಬೇಕು ಎಂದು ಅವಳ ಲೆಕ್ಕ. ಕನ್ನಡದ 'ಉಡು'ವಿಗೆ ಮರಾಠಿಯ ಬಾಲ ಹಚ್ಚಿದ್ದಳು. ಮರಾಠಿಯಲ್ಲಿ ಉಡುವುದಕ್ಕೆ 'ನೇಸಣೇ' ಎನ್ನುತ್ತಾರೆ. 'ಉಡಣೇ' ಎಂದರೆ ಹಾರುವುದು. ಅವಳು ಹಾರುವ ಸೀರೆ ಕೇಳಿದ್ದಳು.

"ಉಡಾಯಚೀ?" ಮಾಲೀಕ ಗುಮಾಸ್ತರ ಕಡೆ ನೋಡಿದ. "ಮಗ ಪತಂಗಾಚ್ಯಾ ದುಕಾನಾತ್ ಜಾ." ಹಾಗಾದರೆ ಗಾಳಿಪಟದ ಅಂಗಡಿಗೆ ಹೋಗು.

ಆಗಲೇ ನಾವು ಐವರು ನಕ್ಕದ್ದು. ನನ್ನ ನಗು ಚಿಕ್ಕದಾಗಿತ್ತು, ಮೂಗಿನಿಂದ ಬಂತು. ಅವ್ವ ತಿರುಗಿ ನೋಡಿದ್ದು ಮಾತ್ರ ನನ್ನನ್ನು. ಅಕ್ಕ ನಗಲಿಲ್ಲ.

ಪಕ್ಕದ ಹೆಂಗಸಿಗಾಗಿ ಮಾಲೀಕ ಕಪಾಟಿನಿಂದ ಒಂದು ಇಟ್ಟಿಗೆ ಬಣ್ಣದ ರೇಷ್ಮೆ ಸೀರೆ ಇಳಿಸಿ ಬಿಚ್ಚಿದ್ದ. ಅವ್ವ ಅದರ ಅಂಚನ್ನು ಬೆರಳುಗಳ ನಡುವೆ ಹಿಡಿದಳು. ಅವನು ಅದನ್ನು ಅವಳ ಕೈಯಿಂದ ಎಳೆದುಕೊಂಡ. "ಠೇವಾ. ಏಕ್ ವಾಜಲಾ." ಇಡಿ, ಒಂದು ಗಂಟೆಯಾಯಿತು. ಆಗ ಒಂದಕ್ಕೆ ಇನ್ನೂ ಐದು ನಿಮಿಷವಿತ್ತು. ಆ ಅಂಗಡಿ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತಿತ್ತು. ಗುಮಾಸ್ತ ಬಾಗಿಲ ಶಟರನ್ನು ಅರ್ಧ ಎಳೆದ. ನಾವು ಬಗ್ಗಿ ಹೊರಬಂದೆವು.

"ಏನ್ ನಗೀ ಅದು ಒಳಗ?" ಎಂದು ಅಪ್ಪ ಕೇಳಿದ. ಅವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತಳು.

"ಮನೀಗೆ ಹೋಗೂಣ ನಡಿ," ಎಂದ ಅಪ್ಪ.

"ನೀವು ಹೋಗ್ರಿ. ನಾಲ್ಕಕ್ಕ ತಗೀತಾನ."

"ಭಾಳ ಬಿಸಲ ಅದ."

"ಐದು ವರ್ಷ ನೀವು ನಿಂತೀರಿ. ನಾ ಮೂರು ತಾಸು ಕೂಡ್ತೀನಿ, ಏನಾಗ್ತದ?"

ಅಕ್ಕ ಪಕ್ಕದಲ್ಲಿ ಕೂತು ಮರಾಠಿ ಹೇಳಿಕೊಟ್ಟಳು. "ನೇಸಾಯಚೀ ಅನ್ನವ್ವಾ. ನೇ-ಸಾ-ಯ-ಚೀ."

"ಆ ಮಾತು ನಿಮ್ಮತ್ತಿ ಅಂದಾಳ, ನನ್ನ ನೋಡಿ. ನನ್ನ ಬಾಯಾಗ ಬರೂದಿಲ್ಲ."

"ನಾ ಕೇಳ್ತೀನಿ ಬಿಡವ್ವಾ, ನೀ ಸುಮ್ನ ಕುಂದ್ರು," ಎಂದೆ ನಾನು.

"ನೀ ನಕ್ಕೀದಿ. ನೀ ನಿಮ್ಮಪ್ಪನ ಕೂಡ ಹೊರಗ ನಿಂದ್ರು."

ನಾಲ್ಕಕ್ಕೆ ಶಟರು ಎದ್ದಿತು. ಅವ್ವ ಗಾದಿಯ ಮೇಲೆ ಕೂರಲಿಲ್ಲ. ನೆಲದ ರಾಶಿಯಿಂದ ಮೇಲಿನ ಸೀರೆ ಎತ್ತಿ, ಕೊಡವಿ, ಉಟ್ಟ ಸೀರೆಯ ಮೇಲೆಯೇ ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಹಿಡಿದು, ಸೆರಗನ್ನು ಹೆಗಲಿಗೆ ಒಗೆದಳು. "ಹಿಂಗ," ಎಂದಳು ಕನ್ನಡದಲ್ಲಿ. ಆಮೇಲೆ ತನ್ನ ಮರಾಠಿಯಲ್ಲಿ, "ಉಡಾಯಚೀ."

ಒಳಗೆ ಆಗಷ್ಟೇ ಬಂದಿದ್ದ ಒಬ್ಬ ಮುದುಕಿ ಮಾಲೀಕನಿಗೆ ಮರಾಠಿಯಲ್ಲಿ, "ಉಡುವ ಸೀರೆ ಕೇಳ್ತಿದ್ದಾರೆ ಕಣಪ್ಪ ಅವರು" ಎಂದು ತಿಳಿಸಿಕೊಟ್ಟಳು.

"ಮಾಹೀತ್ ಆಹೇ," ಎಂದ ಮಾಲೀಕ. ಗೊತ್ತು. "ದುಪಾರೀಚ್ ಕಳಲಂ ಹೋತಂ." ಮಧ್ಯಾಹ್ನವೇ ತಿಳಿದಿತ್ತು.

ಬಾಗಿಲಲ್ಲಿ ನಿಂತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಅಕ್ಕ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದಳು. ಅವ್ವ ಸುತ್ತಿದ ಸೀರೆ ಬಿಚ್ಚಿ ಗುಮಾಸ್ತನ ಮುಂದೆ ಹಾಕಿ, ಹೊರಗಿನ ಕಡೆ ತಿರುಗಿ, "ಒಳಗ ಬರ್ರಿ" ಎಂದು ಅಪ್ಪನನ್ನು ಕರೆದಳು. ಅಪ್ಪ ಹಿಂದೆಮುಂದೆ ನೋಡಿದ. "ಬರ್ರಿ ಅಂದೆನಲ್ಲ. ಗಾದೀ ಮ್ಯಾಲ ಕುಂದರ್ರಿ." ಅಪ್ಪ ಅಂದು ಬೆಳಿಗ್ಗೆ ಯಾರ್ಡಿಗೆ ಹೋಗಿ ಬಂದವನು. ಅಂಗಿ ಬದಲಿಸಿದ್ದ, ಅಷ್ಟೆ. ಬಿಳಿ ಹೊದಿಕೆಯ ಮೇಲೆ ಕಾಲು ಮಡಚಿ ಕೂತ.

ಅವ್ವ ಕಪಾಟಿನ ಕಡೆ ಬೆರಳು ಮಾಡುತ್ತಾ ಹೋದಳು. ಮೊದಲು ಇಳಿದದ್ದು ಆ ಇಟ್ಟಿಗೆ ಬಣ್ಣದ ಸೀರೆ. ಅದನ್ನು ಬದಿಗಿಡಿಸಿ, ಮೇಲಿನ ಸಾಲು ಮುಗಿಯುವವರೆಗೆ ಒಂದೊಂದನ್ನೂ ಇಳಿಸಿ ಪೂರ್ತಿ ಬಿಚ್ಚಿಸಿದಳು. ಮಾಲೀಕ ಬಿಚ್ಚಿದ, ಸೀನಿದ, ಬಿಚ್ಚಿದ. ಕೊನೆಗೆ ಅವಳು ಮೊದಲಿನದನ್ನೇ ತೋರಿಸಿದಳು. ಅವನು ಕಟ್ಟಿಕೊಟ್ಟ. ಎದ್ದು ಹೊರಡುವಾಗ ನೆಲದ ರಾಶಿಯಿಂದ ಒಂದು ಗಿಳಿಹಸಿರು ಸೀರೆಯನ್ನೂ ತೆಗೆದುಕೊಂಡು, "ದೇಣ್ಯಾಚೀ" ಎಂದಳು. ಆ ಮಾತು ಅವಳ ಬಾಯಲ್ಲಿ ತಪ್ಪಿಲ್ಲದೆ ಬಂತು.

ಮದುವೆಯಲ್ಲಿ ಅವ್ವ ಇಟ್ಟಿಗೆ ಬಣ್ಣದ ಸೀರೆ ಉಟ್ಟಿದ್ದಳು. ಬೀಗತಿ ಅದರ ಸೆರಗನ್ನು ಮುಟ್ಟಿ ಎಲ್ಲಿಂದ ತಂದದ್ದು ಎಂದು ಕೇಳಿದಳು. ಅವ್ವ ಅಂಗಡಿ ಇರುವ ಜಾಗ ಹೇಳಿದಳು. ಆಹೇರಿನ ಹೊತ್ತಿಗೆ ಅವಳು ಬೀಗತಿಗೆ ಕೊಟ್ಟದ್ದು, ನಿಶ್ಚಿತಾರ್ಥದಲ್ಲಿ ತನಗೆ ಬಂದಂಥದೇ ಗಿಳಿಹಸಿರು ಸೀರೆ. ಬೀಗತಿ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಅದನ್ನು ತಂಗಿಯ ಕೈಗೆ ದಾಟಿಸಿದಳು. ಅಲ್ಲಿಂದ ಒಂದು ವರ್ಷ ಅವಳು ಸೊಸೆಯ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಮೊದಲ ದೀಪಾವಳಿಗೆ ಬಂದ ಅಕ್ಕ ಅಡುಗೆಮನೆಯಲ್ಲಿ ಅವ್ವನಿಗೆ, "ನಿಂದು ಸೀರಿ ಆತು. ಆ ಮನ್ಯಾಗ ಇರಾಕಿ ನಾನವ್ವಾ" ಎಂದಳು. ಅವ್ವ ಕಡುಬಿನ ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು.

ಅವಳು ಆ ಅಂಗಡಿಯನ್ನು ಬಿಡಲಿಲ್ಲ. 2003ರಲ್ಲಿ ಅವರು ಗಾದಿ ತೆಗೆದು ಗಾಜಿನ ಕೌಂಟರು, ಎತ್ತರದ ಕುರ್ಚಿ, ಏಸಿ ಹಾಕಿಸಿದರು. ಕೊಡುವ ಸೀರೆಗಳ ರಾಶಿ ನೆಲಮಾಳಿಗೆಗೆ ಹೋಯಿತು. ಗುಮಾಸ್ತರು ತಮ್ಮತಮ್ಮಲ್ಲಿ ಅವ್ವನನ್ನು 'ಉಡಣಾರೀ ಬಾಈ', ಹಾರುವ ಹೆಂಗಸು, ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

2008ರ ದಸರೆಯ ಹಿಂದಿನ ದಿನ ನಾನು ಅವಳ ಜೊತೆ ಹೋಗಿದ್ದೆ. ಅವಳು ಒಳಗೆ ಕಾಲಿಟ್ಟ ಕೂಡಲೇ ಮಾಲೀಕ ತಲೆ ಎತ್ತದೆ ಗುಮಾಸ್ತನಿಗೆ "ಉಡಾಯಚೀ" ಎಂದ. ಗುಮಾಸ್ತ ಹಿಂದಿನ ಕಪಾಟು ತೆರೆದ. "ಬಸಾ" ಎಂದು ಯಾರೂ ಅನ್ನಲಿಲ್ಲ. ಅವ್ವ ಕುರ್ಚಿ ಎಳೆದುಕೊಂಡು ಕೂತಳು. ಅಪ್ಪ ಎಂದಿನಂತೆ ಹೊರಗೆ ಮೆಟ್ಟಿಲ ಕೆಳಗೆ ನಿಂತಿದ್ದ.