ನಕ್ಷೆಗೆ ಸಿಗದ ಬಾವಿ

ನಮ್ಮ ಅತ್ತೆಗೆ ಗೂಟ ಕಂಡರೆ ಆಗುತ್ತಿರಲಿಲ್ಲ. ಪ್ಲೇಗು ಬಂದು ಹೋದಮೇಲೆ ಬಸವನಗುಡಿಯಲ್ಲಿ ಬಡಾವಣೆ ಮಾಡಲು ಮೊದಲು ನಮ್ಮ ಹೊಲಕ್ಕೆ ಗೂಟ ಹೊಡೆದರು, ಆಮೇಲೆ ಹೊಲವನ್ನೇ ತೆಗೆದುಕೊಂಡರು. ಉಳಿದದ್ದು ವೃಷಭಾವತಿ ಕಣಿವೆಯಲ್ಲಿನ ಸೊಪ್ಪಿನ ತೋಟ, ಅದರಲ್ಲಿ ತೀರಿಹೋದ ಮಾವ ತಾವೇ ಇಳಿದು ತೋಡಿದ ಬಾವಿ. ಶುಕ್ರವಾರ ತಪ್ಪದೆ ಅತ್ತೆ ಸೊಸೆಯಾದ ನನ್ನ ಕೈಯಲ್ಲಿ ಅದಕ್ಕೆ ಪೂಜೆ ಮಾಡಿಸುತ್ತಿದ್ದರು.

ಒಂದು ಬೇಸಗೆ ಆ ಕಣಿವೆಗೂ ನಕ್ಷೆ ಬರೆಯುವವರು ಬರುತ್ತಾರೆಂದು ಸುದ್ದಿಯಾಯಿತು. ಅತ್ತೆ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಮರಗಳನ್ನು ಕೀಳಿಸಿ, ಬಾವಿಯ ಬಾಯಿಗೆ ಬಿದಿರು ಹಾಸಿಸಿ, ಮೇಲೆ ರಾಗಿ ಹುಲ್ಲು ಒಟ್ಟಿಸಿಬಿಟ್ಟರು.

"ನೀರಿದೆ ಅಂತ ತಿಳಿದ್ರೆ ಇದನ್ನೂ ನುಂಗ್ತಾರೆ ಕಣೇ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಬಂದವರಲ್ಲೊಬ್ಬರು ತಾತನ ಕಾಲದ ನಕ್ಷೆಯೊಂದನ್ನು ಬಿಡಿಸಿದರು. "ಇದ್ರಲ್ಲಿ ಇಲ್ಲಿ ಬರೀ ಹೊಳೆ ಇದೆ. ಈಚೆಗೆ ಬಾವಿಗೀವಿ ತೋಡಿದೀರಾ ತಾಯಿ?"

"ಬಾವಿ ಎಲ್ಲಿಂದ ಬರ್ಬೇಕು ಸ್ವಾಮಿ? ಹೊಳೆಯಿಂದ ಹೊತ್ತು ಹಾಕ್ತೀವಿ" ಎಂದು ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟರು. ಅವರು ಹುಲ್ಲಿನ ಮೆದೆ ನೋಡಿದರು, ನನ್ನನ್ನು ನೋಡಿದರು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ.

"ಬೆಣ್ಣೇಲಿ ಕೂದಲು ತೆಗ್ದಂಗೆ ಮಾತಾಡ್ತಾನೆ, ನಂಬ್ಬೇಡ" ಎಂದರು ಅತ್ತೆ, ಅವರು ಹೋದಮೇಲೆ. ಪಕ್ಕದ ತೋಟದವನು ಅವರನ್ನು ಕರೆದು ತನ್ನ ಬಾವಿ ತೋರಿಸಿದ್ದ. ಪೆದ್ದ ಮುಂಡೇದು ಎಂದು ಇಬ್ಬರೂ ನಕ್ಕು, ಹುಲ್ಲು ಬಿದಿರು ತೆಗೆಸಿ ಬಾವಿಯ ಬಾಯಿ ತೆರೆಸಿದೆವು.

ಎಷ್ಟೋ ವರ್ಷಗಳ ಮೇಲೆ ಕಣಿವೆಯಲ್ಲಿ ರಸ್ತೆ ಬಂತು. ಎರಡೂ ಕಡೆಯಿಂದ ಕೂಲಿಯವರು ಮಣ್ಣಿನ ಏರಿ ಹಾಕಿಕೊಂಡು ಬಂದು ನಮ್ಮ ತೋಟದ ಅಂಚಿಗೆ ನಿಂತರು. ಪಕ್ಕದವನ ಬಾವಿಯನ್ನು ಸುತ್ತಿ ಬಳಸಿ ಬಂದ ರಸ್ತೆ ನೇರ ನಮ್ಮ ಬಾವಿಗೇ ಗುರಿಯಿಟ್ಟಿತ್ತು.

ಅತ್ತೆ ಬಾವಿಯ ಕಟ್ಟೆ ಬಿಟ್ಟು ಕದಲಲಿಲ್ಲ. "ಅವನ ಬಾವಿ ಬಿಟ್ರಲ್ಲ, ಅವನೇನ್ ಕೊಟ್ಟ ನಿಮ್ಗೆ?"

ಓವರ್ಸಿಯರ್ ಸಿಟ್ಟಾಗಲಿಲ್ಲ. ಆ ಬೇಸಗೆ ಬರೆದುಕೊಂಡು ಹೋದ ನಕ್ಷೆ ಬಿಡಿಸಿ ತೋರಿಸಿದರು. ಏರುತಗ್ಗುಗಳೆಲ್ಲ ಮರದ ಕೊರಡಿನ ಸುತ್ತುಗಳಂತೆ ಗೆರೆಗೆರೆಯಾಗಿದ್ದವು. ಪಕ್ಕದವನ ಬಾವಿಗೆ ಒಂದು ನೀಲಿ ಚುಕ್ಕೆಯಿತ್ತು. ನಮ್ಮ ತೋಟದಲ್ಲಿ ಏನೂ ಇರಲಿಲ್ಲ.

"ಇದನ್ನ ನೋಡಿಯೇ ದಾರಿ ಗೊತ್ತುಮಾಡಿದ್ದು ತಾಯಿ. ಚುಕ್ಕೆ ಇದ್ದಿದ್ರೆ ಇಲ್ಲೂ ಸುತ್ತಿ ಹೋಗ್ತಿದ್ವಿ. ಈಗ ತಿರುಗ್ಸೋಕಾಗಲ್ಲ."

ಮಾಡಿದ್ದುಣ್ಣೋ ಮಹರಾಯ ಅನ್ನುವುದು ಸುಲಭ. ಅತ್ತೆ ಕಟ್ಟೆಯಿಂದ ಇಳಿದು ಬಂದು, ನಕ್ಷೆಯ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲಿ ಹಾಕಿ ಸ್ವಾಮಿ. ಈಗ್ಲಾದ್ರೂ ಹಾಕಿ."

ಓವರ್ಸಿಯರ್ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟರು. ಬೆನ್ನ ಹಿಂದೆ ಮೊದಲ ಮಂಕರಿ ಮಣ್ಣು ನೀರಿಗೆ ಬಿದ್ದ ಸದ್ದಾಯಿತು. ಅತ್ತೆ ತಿರುಗಿ ನೋಡಲಿಲ್ಲ. ಅವರ ಕಣ್ಣು ಆ ಪೆನ್ಸಿಲಿನ ಚುಕ್ಕೆಯ ಮೇಲೇ ಇತ್ತು.

"ನಾವು ಹೋದ್ಮೇಲೆ ಅಳಿಸಲ್ಲ ತಾನೇ?" ಎಂದು ಕೇಳಿದರು.