ವಾಷಿಂಗ್ ಮಿಷನ್ನಿನಲ್ಲಿ ರಾಗಿ ಮಲಗಿಸಿದವಳು

ನಮ್ಮಕ್ಕ ಮನೆ ಬಿಟ್ಟು ಹೊರಟ ದಿನ ನಾನು ತಡೆಯಲಿಲ್ಲ. ಅವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಾಗ ನಾನು ನಲ್ಲಿಯ ಕೆಳಗೆ ಪೇಂಟ್ ಬ್ರಶ್ ತೊಳೆಯುತ್ತಿದ್ದೆ. ಬ್ರಶ್ ಆಗಲೇ ಚೊಕ್ಕಟವಾಗಿತ್ತು. ಆದರೂ ತೊಳೆಯುತ್ತಲೇ ಇದ್ದೆ. "ಬರ್ತೀನಿ ಸೀನ" ಅಂದಳು. ತಲೆಯಾಡಿಸಿದೆ, ಅಷ್ಟೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೇಂಟಿಂಗ್ ಕೆಲಸಕ್ಕೆ ಬಿದ್ದವನು ನಾನು, ಬರೆದು ರೂಢಿಯಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಎದ್ದು ಬಾಗಿಲತನಕ ಹೋಗಿ ಬಂದೆ.

ಅಕ್ಕನ ಹೆಸರು ಗೌರಮ್ಮ. ಗಂಡ ತೀರಿಕೊಂಡ ಮೇಲೆ ಸುದ್ದಗುಂಟೆಪಾಳ್ಯದ ನಮ್ಮ ಬಾಡಿಗೆ ಮನೆಗೆ ಬಂದಳು. ಆಗ ನನ್ನ ಮಗಳು ಕಾವ್ಯ ಇನ್ನೂ ಅಂಬೆಗಾಲಿಡುತ್ತಿದ್ದಳು. ನನ್ನ ಹೆಂಡತಿ ಮಂಜುಳ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರಿಂದ ಮಗುವೂ ಅಡುಗೆಮನೆಯೂ ಅಕ್ಕನ ಪಾಲಿಗೆ ಬಂದವು. ಅಡುಗೆಮನೆ ಅಂದರೆ, ಒಬ್ಬರು ಒಳಗೆ ತಿರುಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಕಪಾಟಿಲ್ಲ, ಅಟ್ಟವಿಲ್ಲ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಓನರ್ ಮೊದಲ ದಿನವೇ ಹೇಳಿದ್ದರು.

ಮನೆಗೆ ಏನೇ ತಂದರೂ ಅಕ್ಕ ಕೇಳುತ್ತಿದ್ದ ಮೊದಲ ಮಾತು ಒಂದೇ: "ಇದು ಎಲ್ಲಿ ಮಲಗುತ್ತೆ?" ಮನುಷ್ಯರ ಹಾಗೆ ಸಾಮಾನೂ ಮಲಗಬೇಕು ಅವಳಿಗೆ. ನಾನು ತಂದ ಖಾಲಿ ಪೇಂಟ್ ಬಕೆಟ್ಟುಗಳನ್ನು ಸೀಗೆಪುಡಿ ಹಾಕಿ ಉಜ್ಜಿ, ವಾಸನೆ ಹೋಗುವತನಕ ಬಿಸಿಲಿಗಿಟ್ಟು, ಅಕ್ಕಿ ಬೇಳೆ ತುಂಬಿದಳು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಅವನ್ನೆಲ್ಲ ಕೆಳಗೆ ತಳ್ಳಿದಳು. ಈರುಳ್ಳಿ ಹಳೆಯ ಸೊಳ್ಳೆಪರದೆಯ ಜೋಳಿಗೆಯಲ್ಲಿ ಕಿಟಕಿಯ ಸರಳಿಗೆ ನೇತುಬಿತ್ತು. ಬೆಲ್ಲಕ್ಕೆ ಹಿಡಿ ಮುರಿದ ಕುಕ್ಕರ್ರು. ಇಲಿಗೆ ಎಲ್ಲ ಬರುತ್ತೆ, ಕುಕ್ಕರ್ ಮುಚ್ಚಳ ತಿರುಗಿಸೋಕೆ ಮಾತ್ರ ಬರಲ್ಲ ಅನ್ನುತ್ತಿದ್ದಳು. ಕಾವ್ಯ ಎಸ್ಸೆಸ್ಸೆಲ್ಸಿ ಓದಿದ್ದು ಅಕ್ಕಿ ಬಕೆಟ್ಟಿನ ಮೇಲೆ ಕೂತು.

ಜೆ.ಪಿ. ನಗರದ ಅಪಾರ್ಟ್‌ಮೆಂಟೊಂದರಲ್ಲಿ ಕೆಲಸ ಮುಗಿಸಿದಾಗ ಅಲ್ಲಿಯವರು ಕೆಟ್ಟುಹೋದ ವಾಷಿಂಗ್ ಮಿಷನ್ ಕೊಟ್ಟರು. ರಿಪೇರಿಯಾಗುತ್ತದೆಂದು ಹೊತ್ತು ತಂದೆ, ಆಗಲಿಲ್ಲ. ಅಕ್ಕ ಅದರ ಗಾಜಿನ ಬಾಗಿಲು ತೆರೆದು ಮುಚ್ಚಿ ನೋಡಿ, ರಬ್ಬರಿನ ಮೇಲೆ ಬೆರಳಾಡಿಸಿ, ಗಾಳಿಯೂ ನುಗ್ಗಲ್ಲ ಅಂದಳು. ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ ದಾರ ಬಿಗಿದಳು. ಅಲ್ಲಿಂದ ರಾಗಿ ಚೀಲ, ಹುಣಸೆಹಣ್ಣು, ಸಾರಿನಪುಡಿ ಎಲ್ಲ ಅದರೊಳಗೆ. ಪಕ್ಕದ ಮನೆಯಾಕೆ ಒಮ್ಮೆ ಕಂಬಳಿ ಒಗೆದುಕೊಡಿ ಎಂದು ತಂದವರು ಗಾಜಿನಲ್ಲಿ ಬಗ್ಗಿ ನೋಡಿ, "ಏನ್ ಗೌರಕ್ಕ, ನಿಮ್ಮನೇಲಿ ರಾಗೀನೂ ಒಗೀತೀರಾ?" ಅಂದರು. ಅಕ್ಕ ನಗಲೂ ಇಲ್ಲ. "ಮೆಲ್ಲಗೆ ಮಾತಾಡಿ, ಈಗಷ್ಟೇ ಮಲಗಿದೆ" ಅಂದಳು. ಆ ಮಾತು ಬೀದಿಯೆಲ್ಲ ಸುತ್ತಿತು. ಎಲ್ಲರೂ ನಕ್ಕರು. ನನಗೆ ಮಾತ್ರ ಒಳಗೊಳಗೇ ಕಿರಿಕಿರಿ.

ಕಾವ್ಯ ಮದುವೆ ವಯಸ್ಸಿಗೆ ಬಂದ ಬೇಸಿಗೆಯಲ್ಲಿ ಅಕ್ಕ ಓನರ್ ಮನೆಯ ಟೆರೇಸಿನಲ್ಲಿ ಉದ್ದಿನ ಹಪ್ಪಳ, ಅರಳು ಸಂಡಿಗೆ ಹಾಕಿದಳು. ಕಾವ್ಯನ ಮದುವೆಗಂತೆ. ಕಾಗೆ ಕಾಯುತ್ತ ಕೋಲು ಹಿಡಿದು ಕೂತಿದ್ದವಳಿಗೆ, ಗಂಡೇ ಗೊತ್ತಾಗಿಲ್ವಲ್ಲಕ್ಕ ಅಂದೆ. "ಗಂಡು ತಡವಾಗಿ ಬರ್ಬೋದು ಕಣೋ, ಬಿಸಿಲು ಕಾಯ್ಕೊಂಡ್ ಕೂರಲ್ಲ" ಅಂದಳು. ಒಣಗಿದ್ದೆಲ್ಲ ಡಬ್ಬಿಯಲ್ಲಿಟ್ಟು ಮಿಷನ್ನಿನ ಒಳಗೆ ಸೇರಿಸಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ.

ಕೆಲವು ತಿಂಗಳಿಗೆ ಬನಶಂಕರಿಯಿಂದ ಒಂದು ಸಂಬಂಧ ಬಂತು. ಅವರು ಹೆಣ್ಣು ನೋಡಲು ಬರುವ ಬೆಳಿಗ್ಗೆ ನಾನು ಹಾಲ್‌ನಲ್ಲಿ ನಿಂತಲ್ಲಿ ನಿಲ್ಲಲಾರದೆ ತಿರುಗಿದೆ. ಎಲ್ಲಿ ನಿಂತರೂ ಆ ಮಿಷನ್ನೇ ಕಾಣುತ್ತಿತ್ತು. ಗಾಜಿನೊಳಗೆ ಗೋಣಿಚೀಲ. ಹೂವು, ವೀಳ್ಯದೆಲೆ ತಾ ಎಂದು ಅಕ್ಕನನ್ನು ಜಯನಗರದ ಮಾರ್ಕೆಟ್ಟಿಗೆ ಕಳಿಸಿದೆ. ಅವೆರಡೂ ನಮ್ಮ ಬೀದಿಯ ಕೊನೆಯಲ್ಲೇ ಸಿಗುತ್ತಿದ್ದವು. ಅವಳು ಅತ್ತ ಹೋದಳು, ಇತ್ತ ಗುಜರಿಯವನನ್ನು ಕರೆದೆ. ಕೈಗೆ ಸಿಕ್ಕಿದ ರಾಗಿ ಚೀಲ ಎಳೆದು ಮಂಚದ ಹಿಂದೆ ಎಸೆದೆ. ಒಳಗೆ ಇನ್ನೂ ಡಬ್ಬಿ ಇದೆ ಅಣ್ಣ ಅಂದ ಅವನು. ಇದ್ದರೆ ಇರಲಿ, ಎತ್ತಿಕೊಂಡು ಹೋಗು ಅಂದೆ.

ಅಕ್ಕ ಬಂದಳು. ನೆಲದ ಮೇಲೆ ಉಳಿದಿದ್ದ ಚೌಕದ ಕಲೆ ನೋಡಿದಳು. ಅಷ್ಟರಲ್ಲಿ ಗಂಡಿನ ಕಡೆಯವರೂ ಬಂದರು. ಅವರಿಗೆಲ್ಲ ಕೇಸರಿಬಾತು, ಕಾಫಿ ಕೊಟ್ಟು ನಗುನಗುತ್ತ ಕಳಿಸಿ, ಆಮೇಲೆ ಕೇಳಿದಳು.

"ಮಿಷನ್ ಎಲ್ಲೋ?"

"ಗುಜರಿಗೆ ಹಾಕ್ದೆ. ಅವ್ರ್ ಮುಂದೆ ಮರ್ಯಾದೆ ಹೋಗ್ತಿತ್ತು."

"ಕಾವ್ಯನ್ ಮದ್ವೆ ಹಪ್ಪಳ ಇತ್ತಲ್ಲೋ ಅದ್ರಲ್ಲಿ."

"ಹಪ್ಪಳ ಅಂಗ್ಡೀಲಿ ಸಿಗುತ್ತೆ ಬಿಡಕ್ಕ."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನದಿಂದ ಮನೆಯಲ್ಲಿ ಏನನ್ನೂ ಕೂಡಿಡಲಿಲ್ಲ. ಬಕೆಟ್ಟುಗಳು ಒಂದೊಂದೇ ಖಾಲಿಯಾದವು. ಅಂದಂದಿನ ಅಕ್ಕಿ, ಬೇಳೆಯನ್ನು ಅಂಗಡಿಯಿಂದ ಸಣ್ಣ ಪೊಟ್ಟಣದಲ್ಲಿ ತಂದು, ಅಂದೇ ಮುಗಿಸಿ, ಕವರ್ ಮಡಿಸಿ ಕಸಕ್ಕೆ ಹಾಕುತ್ತಿದ್ದಳು, ನಾಳೆಯೇ ಊರು ಬಿಡುವವರ ಹಾಗೆ. ಅದೇ ಗಂಡಿನೊಂದಿಗೆ ಮದುವೆಯಾಯಿತು. ಎಲೆಗೆ ಕೇಟರಿಂಗಿನವರ ಹಪ್ಪಳ ಬಿತ್ತು. ಕಾವ್ಯ ಗಂಡನ ಮನೆಗೆ ಹೋದ ವಾರವೇ ಅಕ್ಕನೂ ಹೋದಳು, ಉತ್ತರಹಳ್ಳಿಯ ಲೇಡೀಸ್ ಪಿ.ಜಿ.ಯೊಂದಕ್ಕೆ ಅಡುಗೆಯವಳಾಗಿ.

ಎಷ್ಟೋ ಭಾನುವಾರ ಗಾಡಿ ತೆಗೆದೆ. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿದು ವಾಪಸ್ ತಿರುಗಿಸಿದೆ. ಪೇಂಟ್ ಮಾಡಲು ಹೋದ ಮನೆಗಳಲ್ಲೂ ಅಡುಗೆಮನೆಗೆ ಬಂದರೆ ಬೇಗಬೇಗ ಬಳಿದು ಹೊರಗೆ ಬಂದುಬಿಡುತ್ತಿದ್ದೆ.

ಹೋದ ವಾರ ಗಾಡಿ ತಿರುಗಿಸಲಿಲ್ಲ. ಗಂಡಸರಿಗೆ ಒಳಗೆ ಪ್ರವೇಶವಿಲ್ಲವೆಂದು ಹಿಂಬಾಗಿಲ ಮೆಟ್ಟಿಲಲ್ಲಿ ಕೂರಿಸಿದರು. ಅಕ್ಕ ತೆಳ್ಳಗಾಗಿದ್ದಳು. ಸೊಂಟದಲ್ಲಿ ಬೀಗದಕೈ. ಅಡುಗೆಮನೆಗೆ ಅಂಟಿಕೊಂಡಂತೆ ಅವಳದೇ ಒಂದು ಉಗ್ರಾಣ. ನನಗೆ ಕಾಣಲೆಂದು ಬಾಗಿಲನ್ನು ಅಗಲ ತೆರೆದಳು. ಸೂರಿನತನಕ ಹಲಗೆ, ಸಾಲಾಗಿ ಡಬ್ಬಿ.

"ಮಂಜುಳ ಅಕ್ಕಿ ಎಲ್ಲಿಡ್ತಾಳೆ ಈಗ?" ಅಂತ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಹೇಳಬೇಕಾದದ್ದನ್ನು ತಲೆ ತಗ್ಗಿಸಿ ಮೆಲ್ಲಗೆ ಹೇಳಿದೆ.

"ಏನೋ? ಗ್ರೈಂಡರ್ ಸದ್ದು, ಕೇಳಿಸ್ಲಿಲ್ಲ."

ಅವಳು ಗ್ರೈಂಡರ್ ನಿಲ್ಲಿಸಲಿಲ್ಲ. ಒಳಗೆ ತಟ್ಟೆ ಹಿಡಿದ ಹುಡುಗಿಯರು ಸಾಲು ನಿಂತಿದ್ದರು. ಎದ್ದು ನಿಂತೆ. ಅವರಿಗೆಲ್ಲ ಕೇಳುವ ಹಾಗೆ ಹೇಳಿದೆ:

"ಆವತ್ತು ನಿನ್ನ ಬೇಕೂಂತ್ಲೇ ಮಾರ್ಕೆಟ್ಟಿಗೆ ಕಳ್ಸಿದ್ದೆ ಅಕ್ಕ. ನೀನಿದ್ರೆ ಬೇಡ ಅಂತೀಯ ಅಂತ ಗೊತ್ತಿತ್ತು. ಅದು ನಿನ್ ಮನೇನೂ ಹೌದು ಅಂತ ನಾನು ಒಂದಿನಾನೂ ಅಂದ್ಕೊಳ್ಳಿಲ್ಲ. ತಪ್ಪಾಯ್ತಕ್ಕ."