ಗೋದಲಿಯ ಮುಂದೆ ಅತ್ತೆಯ ಜೋಗುಳ

ಹೋದ ವರ್ಷ ಕ್ರಿಸ್‌ಮಸ್ ಮುಗಿದ ಮರುದಿನ ನಡೆದ ಮಾತಿದು. ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಸ್ಟೆಲ್ಲಾ, ಶಿವಮೊಗ್ಗದ ತನ್ನ ತವರುಮನೆಗೆ ನಮ್ಮನ್ನು ಊಟಕ್ಕೆ ಕರೆದಿದ್ದಳು. "ಸುಮಕ್ಕಾ, ನಿಮ್ಮ ಅತ್ತೆಯವರನ್ನೂ ಕರ್ಕೊಂಡು ಬನ್ನಿ. ಇಬ್ಬರೂ ಎಷ್ಟು ದಿನ ಹೀಗೇ ಎಲ್ಲಿಗೂ ಹೋಗದೆ ಇರ್ತೀರಾ?" ಎಂದಿದ್ದಳು.

ಆ ವರ್ಷದ ಮಳೆಗಾಲದಲ್ಲಿ ನನಗೆ ಗಂಡುಮಗು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತ್ತು. ಅತ್ತೆ ಕಾಗಿನೆಲೆ ಕಡೆಯವರು. ಸುತ್ತಮುತ್ತ ಎಲ್ಲೇ ತೊಟ್ಟಿಲ ಕಾರ್ಯವಿರಲಿ, ಜೋಗುಳಕ್ಕೆ ಅವರೇ ಬೇಕಾಗಿತ್ತು. ನಮ್ಮ ಕೂಸು ಹೋದ ಮೇಲೆ ಅವರು ಹಾಡುವುದನ್ನೇ ಬಿಟ್ಟರು. ಕರೆಯಲು ಬಂದವರಿಗೆ "ದನಿ ಬಿದ್ದೈತಿ" ಎಂದು ಹೇಳಿ ಕಳಿಸುತ್ತಿದ್ದರು. ಮಗುವಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಸ್ಟೆಲ್ಲಾ ನಮ್ಮನ್ನು ಬಿಷಪ್ಪರ ದೊಡ್ಡ ಚರ್ಚಿಗೆ ಕರೆದೊಯ್ದಳು. ಗೇಟಿನಿಂದ ಬಾಗಿಲವರೆಗೆ ಕಾಗದದ ನಕ್ಷತ್ರದೀಪಗಳು ಉರಿಯುತ್ತಿದ್ದವು. ಬಾಗಿಲಲ್ಲಿ ಅತ್ತೆ ನಿಂತುಬಿಟ್ಟರು.

"ನಮ್ಮನ್ನ ಒಳಗ ಬಿಡ್ತಾರೇನವಾ?"

"ಯಾಕೆ ಬಿಡಲ್ಲ ಅಮ್ಮಾ, ಬನ್ನಿ" ಎಂದಳು ಸ್ಟೆಲ್ಲಾ.

ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ನಾನು ತಲೆ ಎತ್ತಿದೆ. ಅಷ್ಟು ಎತ್ತರದ ಚಾವಣಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬಣ್ಣದ ಗಾಜುಗಳಿಂದ ಇಳಿಬಿಸಿಲು ಇಳಿದು ನೆಲವೆಲ್ಲ ಕೆಂಪು, ನೀಲಿಯಾಗಿತ್ತು. ಕಂಬಕಂಬಕ್ಕೂ ಬಿಳಿ ಹೂವು, ಸಣ್ಣ ಸಣ್ಣ ದೀಪ. ನೋಡುತ್ತ ನೋಡುತ್ತ ತಲೆಯ ಮೇಲಿನ ಸೆರಗು ಜಾರಿದ್ದೂ ಅತ್ತೆಗೆ ತಿಳಿಯಲಿಲ್ಲ.

ಒಂದು ಬದಿಗೆ ಏಸು ಹುಟ್ಟಿದ ಕೊಟ್ಟಿಗೆಯನ್ನು ಕಟ್ಟಿದ್ದರು. ಅದಕ್ಕೆ ಗೋದಲಿ ಎನ್ನುತ್ತಾರಂತೆ. ಕಾಗದದ ಗುಡ್ಡ, ಮೊಳೆತ ರಾಗಿಯ ಹಸಿರು ಹೊಲ, ಕುರಿ, ದನ. ನಡುವೆ ಹುಲ್ಲಿನ ಮೇಲೆ ಕೈ ಚಾಚಿ ಮಲಗಿದ ಕೂಸು.

"ಇಂಥಾ ಥಂಡ್ಯಾಗ ಕೂಸಿನ ತಲಿಗೆ ಒಂದು ಕುಂಚಗಿನೂ ಹಾಕಿಲ್ಲಲ್ಲ! ತೊಟ್ಲಾ ಎಲ್ಲೈತಿ?" ಅತ್ತೆ ಕೇಳಿದರು.

"ತೊಟ್ಟಿಲು ಇರಲಿಲ್ಲ ಅಮ್ಮಾ. ತಂಗೋಕೆ ಯಾರೂ ಜಾಗ ಕೊಡಲಿಲ್ಲ, ಕೊಟ್ಟಿಗೆಯಲ್ಲೇ ಹುಟ್ಟಿದ" ಎಂದಳು ಸ್ಟೆಲ್ಲಾ.

ಅತ್ತೆ ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ಜೋಗುಳ ಶುರು ಮಾಡಿದರು.

ಯಾರಾದರೂ ಬೈದರೆ? "ಅತ್ತಿ, ಏಳ್ರಿ" ಎಂದು ಭುಜ ಮುಟ್ಟಿದೆ. ಅವರಿಗೆ ಕೇಳಿಸಲೇ ಇಲ್ಲ. ಅಷ್ಟರಲ್ಲಿ ದನಿ ಬಿಚ್ಚಿಕೊಂಡಿತ್ತು. ಅದು ಆ ಎತ್ತರಕ್ಕೆ ಏರಿ, ಎಲ್ಲೋ ತಿರುಗಿ, ಹತ್ತು ಹೆಂಗಸರು ಕೂಡಿ ಹಾಡಿದ ಹಾಗೆ ನಮ್ಮ ಮೇಲೆ ಇಳಿಯುತ್ತಿತ್ತು. ಆಚೆ ಹಾಡಿನ ತಾಲೀಮು ಮಾಡುತ್ತಿದ್ದ ಹುಡುಗಿಯರು ಸುಮ್ಮನಾದರು. ಬೆಂಚುಗಳಲ್ಲಿದ್ದವರೆಲ್ಲ ತಿರುಗಿದರು. ವಯಸ್ಸಾದ ಫಾದರ್ ಒಬ್ಬರು ಬೇಗ ಬೇಗ ನಡೆದು ಬಂದರು. ನಾನು ಕೈ ಮುಗಿಯುವಷ್ಟರಲ್ಲಿ ಅವರು ಬಾಯಿಯ ಮೇಲೆ ಬೆರಳಿಟ್ಟು, ನಮ್ಮ ಪಕ್ಕದಲ್ಲೇ ನೆಲಕ್ಕೆ ಕೂತರು.

ಹಾಡು ಮುಗಿಯಿತು.

"ಇನ್ನೊಂದು ಸಲ ಹಾಡ್ತೀರಾ ಅಮ್ಮಾ?" ಎಂದರು ಫಾದರ್.

"ಸಾಕ್ರೀ. ಕೂಸು ಮಲಗೈತಿ" ಎಂದರು ಅತ್ತೆ.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವರು ನನ್ನ ತೋಳು ಹಿಡಿದರು. "ನಮ್ಮ ಕೂಸಿಗೆ ಹಾಡೋದು ಉಳದಿತ್ತು ನೋಡವಾ" ಎಂದರು. ಅವರ ಹೆಗಲ ಮೇಲೆ ತಲೆಯಿಟ್ಟು, ನಕ್ಷತ್ರಗಳ ಕೆಳಗೆ, ಜನ ನೋಡುತ್ತಿದ್ದಾರೆಂಬ ನಾಚಿಕೆಯೂ ಇಲ್ಲದೆ ಅತ್ತುಬಿಟ್ಟೆ.

ಈಗ ಅತ್ತೆ ಮತ್ತೆ ಕರೆದಲ್ಲಿಗೆ ಹೋಗಿ ಹಾಡುತ್ತಾರೆ. ಅವರು ದನಿ ಎತ್ತಿದೊಡನೆ ನಾನು ತಲೆ ಎತ್ತಿ ಮೇಲೆ ನೋಡುತ್ತೇನೆ. ತಗಡಿನ ಮಾಡು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೂ ಮೈ ಜುಮ್ಮೆನ್ನುತ್ತದೆ.